ಯಾರೂ ಇಲ್ಲದ ದಂಡೆ

ಆರನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುವಾಗ 'ದೋಣಿ' ಎಂಬ ಶಬ್ದ ಬಂತೆಂದರೆ ನಮ್ಮ ಮನಗೂಳಿಯಲ್ಲಿ ಒಂದು ತಮಾಷೆ ನಡೆದೇ ನಡೆಯುತ್ತದೆ. ಹಿಂದಿನ ಸಾಲಿನಿಂದ ಒಬ್ಬನಾದರೂ ಎದ್ದು ನಿಂತು, "ಅಕ್ಕೋರ, ಡೋಣಿ ಅಂದ್ರ ಹೊಳಿ ಅಲ್ಲೇನ್ರಿ?" ಎನ್ನುತ್ತಾನೆ. ಅವನದೇನೂ ತಪ್ಪಿಲ್ಲ. ಜತ್ತಿನ ಕಡೆಯಿಂದ ಬಂದು, ನಮ್ಮ ಜಿಲ್ಲೆಯ ಎರೆಹೊಲಗಳ ನಡುವೆ ಸುತ್ತಿ ಬಳಸಿ ಕೃಷ್ಣೆಯನ್ನು ಸೇರುವ ಡೋಣಿ ಹೊಳೆಯೇ ನಮಗೆ ಗೊತ್ತಿರುವ ಡೋಣಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದರು. ಮಳೆಗಾಲದಲ್ಲಿ ಒಮ್ಮೊಮ್ಮೆ ಹೊಲಕ್ಕೆ ನುಗ್ಗಿ ಅಳಿಸುವ ಈ ಹೊಳೆ ಬೇಸಿಗೆಯಲ್ಲಿ ಸವುಳು ನೀರಿನ ಸಣ್ಣ ಗೆರೆಯಾಗಿ ಉಳಿಯುತ್ತದೆ. ಹೆಸರು ಡೋಣಿಯಾದರೂ ಅದರಲ್ಲಿ ದೋಣಿ ತೇಲಿದ್ದನ್ನು ನಾನಂತೂ ನೋಡಿಲ್ಲ.

ಇಂಥ ಬಯಲು ಸೀಮೆಯವಳಾದ ನನಗೆ ಐವತ್ತು ದಾಟಿದ ಮೇಲೆ ಒಂದು ರಾತ್ರಿ ನೀರಿನ ಮೇಲೆ, ದೋಣಿಯಲ್ಲಿ ಮಲಗುವ ಯೋಗ ಬಂತು. ಆ ರಾತ್ರಿಗಿಂತ ಮರುದಿನ ಬೆಳಗಾದದ್ದೇ ನನ್ನನ್ನು ಹೆಚ್ಚು ಕಾಡಿದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆಯವರು ಮೂರು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ನಾನು ಅವರ ಸೇವೆ ಮಾಡಿದೆನೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಿಮ್ಮಲ್ಲೂ ಅನೇಕರು ಮಾಡಿದ್ದೀರಿ, ಮಾಡುತ್ತಿದ್ದೀರಿ. ಬೆಳಗ್ಗೆ ಐದಕ್ಕೆ ಏಳುವುದು, ಅವರ ಮೈ ಒರೆಸಿ ಗಂಜಿ ಕುಡಿಸುವುದು, ರೊಟ್ಟಿ ಬಡಿಯುವುದು, ಶಾಲೆಗೆ ಓಡುವುದು, ಬಂದ ಮೇಲೆ ಮತ್ತೆ ಅದೇ. ಮಾತಾಡಿಸಲು ಬರುವ ಬೀಗರು ಬಿಜ್ಜರಿಗೆ ಚಹಾ. ಆ ಮೂರು ವರ್ಷದಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡ ಹೊತ್ತನ್ನು ಬಿಟ್ಟರೆ ನಾನು ಒಬ್ಬಳೇ ಇದ್ದದ್ದಿಲ್ಲ. ಅಲ್ಲಿಯೂ ಎರಡನೆಯ ತಂಬಿಗೆ ನೀರು ಸುರಿದುಕೊಳ್ಳುವಷ್ಟರಲ್ಲಿ, "ಸ್ಟೋರೂಮಿನ ಕೀಲಿ ಎಲ್ಲೆದ?" ಎಂದು ಹೊರಗಿನಿಂದ ಯಾರಾದರೂ ಕೂಗುವರು. ಆಗೆಲ್ಲ ನನಗೆ ಬರುತ್ತಿದ್ದ ಯೋಚನೆ ಒಂದೇ: ಯಾರೂ ಇಲ್ಲದ ಒಂದು ಜಾಗ ಬೇಕು. ಹೀಗೆ ಯೋಚಿಸಿದ್ದಕ್ಕೆ ನನ್ನನ್ನು ನಾನೇ ಬಯ್ದುಕೊಳ್ಳುತ್ತಿದ್ದೆ. ಮುದುಕಿಯೊಬ್ಬಳು ಒಳಗೆ ನರಳುತ್ತಿರುವಾಗ ಸೊಸೆಗೆ ಏಕಾಂತ ಬೇಕೆನ್ನಿಸುವುದು ಪಾಪವಲ್ಲವೆ?

ಮಗಳನ್ನು ಉಡುಪಿಯ ಕಡೆಗೆ ಕೊಟ್ಟಿದ್ದೇವೆ. ಅತ್ತೆಯವರ ವರ್ಷಾಂತಿಕ ಮುಗಿದ ಮೇಲೆ ಅವಳೇ ಹಟ ಹಿಡಿದಳು. "ಅವ್ವಾ, ನೀನು ಅಪ್ಪ ಇಬ್ಬರ ಬರ್ರಿ. ಎರಡು ದಿನ ಯಾರ ಕಾಟಾನೂ ಇಲ್ದಂಗ ನೀರ ಮ್ಯಾಲೆ ಇರ್ರಿ" ಎಂದು, ಸುವರ್ಣಾ ನದಿಯ ಹಿನ್ನೀರಿನಲ್ಲಿ ಒಂದು ಹೌಸ್‌ಬೋಟು ಗೊತ್ತು ಮಾಡಿದಳು. ದೋಣಿಯ ಮೇಲೆ ಬಿದಿರು ಚಾಪೆಯ ಮಾಡು, ಒಳಗೊಂದು ಕೋಣೆ, ಮುಂದೆ ಕೂರಲು ಬೆತ್ತದ ಕುರ್ಚಿ. ಆ ಕಡೆಯ ನೀರು ನೋಡದವರಿಗೆ ಹೇಳುತ್ತೇನೆ: ಸೀತಾ ಮತ್ತು ಸುವರ್ಣಾ ಎಂಬ ಎರಡು ನದಿಗಳು ಘಟ್ಟದ ಬುಡದಿಂದ ಹರಿದು ಬಂದು, ಕಡಲು ಇನ್ನೇನು ಸಿಕ್ಕಿತು ಎನ್ನುವಾಗ ನೆಟ್ಟಗೆ ಸೇರದೆ ಅಡ್ಡಾಡುತ್ತವೆ. ಕೋಡಿಬೆಂಗ್ರೆ ಎಂಬಲ್ಲಿ ನೆಲವು ಒಂದು ಪಟ್ಟಿಯಂತೆ ಚಾಚಿದೆ, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಆ ಪಟ್ಟಿಯ ತುದಿಯಲ್ಲಿರುವ ಅಳಿವೆಯಲ್ಲಿ ಎರಡೂ ನದಿಗಳು ಕಡಲಿಗೆ ಬೀಳುತ್ತವೆ. ಹೊಳೆಯ ನಡುವೆ ಅಲ್ಲಲ್ಲಿ ತೆಂಗು ತುಂಬಿದ ನಡುಗಡ್ಡೆಗಳು. ಅವಕ್ಕೆ ಅಲ್ಲಿಯವರು ಕುದ್ರು ಎನ್ನುತ್ತಾರೆ. ಕೆಮ್ಮಣ್ಣಿನ ಹತ್ತಿರ ಅಂಥ ಒಂದು ಕುದ್ರುವಿಗೆ ತೂಗುಸೇತುವೆಯೂ ಇದೆ.

ದೋಣಿ ನಡೆಸುವವರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಮಾತು ಕಡಿಮೆ. ಇಳಿಹೊತ್ತಿಗೆ ರಾತ್ರಿ ದೋಣಿ ಎಲ್ಲಿ ಕಟ್ಟುವುದೆಂಬ ಮಾತು ಬಂತು. ನಾನು ಬೆರಳು ಮಾಡಿ ಒಂದೊಂದೇ ಜಾಗ ತೋರಿಸಿದೆ. ಒಂದು ಕಡೆ ನೀರಿಗೆ ಬಾಗಿದ ತೆಂಗು, ಇನ್ನೊಂದು ಕಡೆ ಬೇರುಗಳನ್ನು ಕಾಲಿನಂತೆ ಊರಿ ನಿಂತ ಕಾಂಡ್ಲಾ ಗಿಡಗಳ ಮರೆ. ಅವರು ಒಂದೊಂದಕ್ಕೂ ತಲೆ ಆಡಿಸಿದರು. "ಅಲ್ಲಿ ಬೇಡ ಅಮ್ಮ, ಇಳಿತದ ಹೊತ್ತಿಗೆ ನೀರು ಸಾಲುವುದಿಲ್ಲ. ದೋಣಿ ಕೆಸರಿಗೆ ಕೂರ್ತದೆ." "ಅಲ್ಲಿ ಬಲೆ ಹಾಕ್ತಾರೆ." "ಅಳಿವೆ ಹತ್ತಿರ ಆಗುವುದಿಲ್ಲ, ಸೆಳೆತ ಜಾಸ್ತಿ."

ದೋಣಿ ಕಟ್ಟುವುದೂ ಒಂದು ವಿದ್ಯೆ ಎಂದು ಅಂದು ತಿಳಿಯಿತು. ಕಡಲಿನ ಹತ್ತಿರದ ಹೊಳೆಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪಾಠದಲ್ಲಿ ಭರತ ಇಳಿತ ಎಂದು ಚಂದ್ರನ ಚಿತ್ರ ಬರೆದು ಎಷ್ಟೋ ಸಲ ಕಲಿಸಿದ್ದೆ, ಕಣ್ಣಿಂದ ನೋಡಿದ್ದು ಅಂದೇ. ಈ ಏರಿಳಿತ ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ನಿನ್ನೆಯ ಜಾಗ, ನಿನ್ನೆಯ ಹೊತ್ತು ಇಂದಿಗೆ ಬರುವುದಿಲ್ಲ. ಗಾಳಿ ಯಾವ ಕಡೆಯಿಂದ, ಇಳಿತದಲ್ಲಿ ಎಷ್ಟು ಆಳ ಉಳಿಯುತ್ತದೆ, ಸೆಳೆತ ಎಷ್ಟು, ಎಲ್ಲ ನೋಡಬೇಕು. ಹಿಂದೊಂದು ಮುಂದೊಂದು ಹಗ್ಗ ಕಟ್ಟಿ, ಹಗ್ಗಕ್ಕೆ ಸ್ವಲ್ಪ ಸಡಿಲ ಬಿಡಬೇಕು. ಬಿಗಿಯಾಗಿ ಕಟ್ಟಿದರೆ ನೀರು ಇಳಿದಾಗ ದೋಣಿ ಹಗ್ಗಕ್ಕೆ ಜೋತುಬಿದ್ದು ವಾಲುತ್ತದೆ.

ಇಷ್ಟೆಲ್ಲ ತಿಳಿದವರಿಗೆ ನಾನು ಹೇಳಿದ್ದು ಒಂದೇ ಮಾತು. "ಎಲ್ಲೆರೆ ಕಟ್ರಿ, ಆದ್ರ ಯಾರೂ ಇರಲಾರದ ಕಡೆ ಕಟ್ರಿ." ಅವರು ಅಷ್ಟು ಹೊತ್ತು ಸುಮ್ಮನಿದ್ದು, ದೋಣಿಯನ್ನು ಒಂದು ಕುದ್ರುವಿನ ಹಿಂದಕ್ಕೆ ತಿರುಗಿಸಿದರು. ನಾಲ್ಕಾರು ಕೆಂಪು ಕಲ್ಲಿನ ಮೆಟ್ಟಿಲು ನೀರಿಗೆ ಇಳಿದಿದ್ದವು. ಹಗ್ಗವನ್ನು ತೆಂಗಿನ ಮರಕ್ಕೆ ಸುತ್ತಿದರು. ಮೆಟ್ಟಿಲಿದ್ದ ಮೇಲೆ ಅದನ್ನು ಇಳಿಯುವವರು ಇರಲೇಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ನನಗೆ ಹೊಳೆಯಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಬೇಕಾದದ್ದು ಸಿಕ್ಕಾಗ ಕಣ್ಣು ಬೇರೆಯದನ್ನು ನೋಡುವುದಿಲ್ಲ.

ಆ ರಾತ್ರಿಯ ಸುಖವನ್ನು ಸುಳ್ಳು ಎನ್ನಲಾರೆ. ನಮ್ಮವರು ಬೇಗ ಮಲಗಿದರು. ನಾನು ಹೊರಗೆ ಕುರ್ಚಿಯಲ್ಲಿ ಕುಳಿತೆ. ದೋಣಿಯ ಬದಿಗೆ ನೀರು ಚಪ್ ಚಪ್ ಎನ್ನುತ್ತಿತ್ತು, ದೂರದಲ್ಲಿ ಕಡಲಿನ ಒಂದೇ ಸಮನೆಯ ಸದ್ದು. ಯಾರೂ ಕರೆಯಲಿಲ್ಲ. ಯಾರೂ ಕೀಲಿ ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನಗೇ ಗೊತ್ತಾಗದಂತೆ ಕಣ್ಣಲ್ಲಿ ನೀರು ಬಂತು. ಅತ್ತೆಯವರು ಸತ್ತಾಗ ಬಂದಿರದ ನೀರು ಅದು. ಅಂದು ಅಳಲು ನನಗೆ ಹೊತ್ತೇ ಇರಲಿಲ್ಲ, ಬಂದವರಿಗೆಲ್ಲ ಅಡಿಗೆಯಾಗಬೇಕಿತ್ತು.

ಬೆಳಗಿನ ಜಾವ ಎಚ್ಚರಾಗಿ ಹೊರಗೆ ಬಂದೆ. ಇನ್ನೂ ಮಬ್ಬುಗತ್ತಲೆ. ದಂಡೆಯ ಮೇಲೆ, ತೆಂಗಿನ ಮರದ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದರು. ನನ್ನದೇ ವಯಸ್ಸು. ಕೈಯಲ್ಲಿ ಒಂದು ಬುಟ್ಟಿ, ಹೆಗಲ ಮೇಲೆ ಒಣಗಿದ ಸೀರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ದೋಣಿಯ ಮುಂಭಾಗದಲ್ಲಿ ನಮ್ಮವರು ಸೆಕೆಯೆಂದು ಹಾಸಿಗೆ ಹೊರಗೆ ತಂದು, ಮೆಟ್ಟಿಲಿಗೆ ಎದುರಾಗಿಯೇ ಮಲಗಿದ್ದರು. ದೋಣಿಯವರು ಹಿಂಭಾಗದಲ್ಲಿದ್ದರು.

"ಏನ್ ಬೇಕಿತ್ತವ್ವಾ?" ಎಂದೆ ನಾನು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರ ಹಿತ್ತಲಿನಲ್ಲಿ ನಿಂತು ಏನು ಬೇಕೆಂದು ಅವರನ್ನೇ ಕೇಳಿದ್ದೆ.

"ಏನಿಲ್ಲ ಅಕ್ಕ. ಇಳಿತ ಉಂಟಲ್ಲ, ಮರುವಾಯಿ ತೆಗಿಲಿಕ್ಕೆ ಇಳಿಯುವಾ ಅಂತ. ನೀವು ಏಳುವಾಗ ಏಳಿ, ತೊಂದರೆ ಇಲ್ಲ" ಎಂದರು.

ಮರುವಾಯಿ ಎಂದರೆ ಹೊಳೆಯ ಕೆಸರು ಮರಳಿನಲ್ಲಿ ಸಿಗುವ ಚಿಪ್ಪು. ನೀರು ಇಳಿದಾಗ ಸೊಂಟದ ಮಟ್ಟದ ನೀರಿಗಿಳಿದು, ಕಾಲಿನಿಂದ ತಡವಿ, ಮುಳುಗಿ, ಕೈಯಿಂದ ಬಾಚಿ ಬುಟ್ಟಿ ತುಂಬಬೇಕು. ಸೀರೆಯನ್ನು ಮೇಲಕ್ಕೆ ಕಟ್ಟಬೇಕು, ಮೈಯೆಲ್ಲ ಒದ್ದೆಯಾಗುತ್ತದೆ. ಎದುರಿಗೆ ಊರು ಕೇರಿ ಗೊತ್ತಿಲ್ಲದ ಗಂಡಸು ಮಲಗಿರುವಾಗ ಹೆಣ್ಣುಮಗಳು ಹೇಗೆ ಇಳಿದಾಳು? ಇಳಿತ ಅವರಿಗಾಗಿ ಕಾಯುವುದಿಲ್ಲ. ನಾವು ಸುಖವಾಗಿ ನಿದ್ದೆ ಮಾಡಿದಷ್ಟು ಹೊತ್ತೂ ಅವರ ಅಂದಿನ ಸಂಪಾದನೆ ಮೆಲ್ಲಗೆ ನೀರಿನಡಿಗೆ ಹಿಂತಿರುಗುತ್ತಿತ್ತು. ನಾನು ಹುಡುಕಿ ಹುಡುಕಿ ಕಂಡುಕೊಂಡ 'ಯಾರೂ ಇಲ್ಲದ' ಜಾಗ ಅವರ ಬಚ್ಚಲು, ಅವರ ಹೊಲ, ಅವರ ಅಂಗಳ ಆಗಿತ್ತು.

ನಮ್ಮವರನ್ನು ಎಬ್ಬಿಸಿ, ದೋಣಿಯವರಿಗೆ ಹೇಳಿ, ಹಗ್ಗ ಬಿಚ್ಚಿಸಿದೆ. "ನಿನ್ನೆಯೇ ಹೇಳಬಹುದಿತ್ತಲ್ರೀ" ಎಂದರೆ ಅವರು, "ನೀವೇ ಹೇಳಿದ್ದಲ್ವಾ ಅಮ್ಮ, ಯಾರೂ ಇಲ್ಲದ ಕಡೆ ಅಂತ. ಯಾರೂ ಇಲ್ಲದ ಕಡೆ ಇಲ್ಲಿ ಎಲ್ಲುಂಟು?" ಎಂದರು. ನೀರಿಗೆ ಗಳ ಊರಿ ದೋಣಿಯನ್ನು ಆಚೆ ತಳ್ಳುತ್ತ ಹೇಳಿದ ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ಹೆಣ್ಣುಮಗಳು ನಿಂತ ರೀತಿ ನನಗೆ ಗುರುತಿತ್ತು. ಅಷ್ಟೇ ನನ್ನನ್ನು ಚುಚ್ಚಿದ್ದು. ನಮ್ಮ ಕಡೆ ನಾನು ಹುಡುಗಿಯಾಗಿದ್ದಾಗ ಹೆಂಗಸರು ಕೋಳಿ ಕೂಗುವ ಮೊದಲೇ ತಂಬಿಗೆ ಹಿಡಿದು ಬಯಲಕಡೆಗೆ ಹೋಗುತ್ತಿದ್ದರು. ಅವ್ವನ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ. ರಸ್ತೆಯ ಮೇಲೆ ಲಾರಿಯ ಬೆಳಕು ಬಿತ್ತೆಂದರೆ ಸಾಲಿಗೆ ಸಾಲೇ ಎದ್ದು ನಿಲ್ಲುವುದು, ಬೆಳಕು ದಾಟಿದ ಮೇಲೆ ಮತ್ತೆ ಕೂರುವುದು. ಬೇಸಿಗೆಯಲ್ಲಿ ಬೆಳೆ ಕೊಯ್ದ ಮೇಲೆ ಮರೆಯೇ ಇಲ್ಲ. ಜಾಲಿ ಗಿಡದ ಮರೆ ಹುಡುಕುತ್ತ ದೂರ ದೂರ ನಡೆಯಬೇಕು. ಯಾರೂ ಇಲ್ಲದ ಜಾಗ ಹುಡುಕುವುದು ಎಂದರೆ ನಮ್ಮವ್ವನಂಥವರಿಗೆ ರಜೆಯ ವಿಲಾಸವಾಗಿರಲಿಲ್ಲ, ದಿನದಿನದ ಮಾನದ ಪ್ರಶ್ನೆಯಾಗಿತ್ತು. 2014ರ ನಂತರ ಸ್ವಚ್ಛ ಭಾರತ ಎಂದು ಮನೆ ಮನೆಗೆ ಶೌಚಾಲಯ ಕಟ್ಟಿಸಿದಾಗ, ಶಾಲೆಯಿಂದ ನಾವು ಶಿಕ್ಷಕರೂ ಓಣಿ ಓಣಿ ತಿರುಗಿ ತಿಳಿಸಿ ಹೇಳಿದ್ದೆವು. ಆ ಮಾತುಗಳನ್ನು ಹೇಳಿದ ನಾನೇ ಇನ್ನೊಬ್ಬಳ ಮರೆಯನ್ನು ಕಿತ್ತುಕೊಂಡು ಅವಳ ಎದುರು ಲಾರಿಯ ಬೆಳಕಾಗಿ ನಿಂತಿದ್ದೆ.

ಊರಿಗೆ ಬಂದು ಶಿಕ್ಷಕರ ಕೋಣೆಯಲ್ಲಿ ಇದನ್ನು ಹೇಳಿದೆ. ಗೆಳತಿಯೊಬ್ಬರು ನಕ್ಕು, "ಹಂಗ ನೋಡಿದ್ರ ಎಲ್ಲಿಗೂ ಹೋಗಂಗಿಲ್ಲ ಬಿಡ್ರಿ. ರೊಕ್ಕ ಕೊಟ್ಟೀರಿ, ಒಂದು ರಾತ್ರಿ ಇದ್ದೀರಿ. ಅದರಾಗ ತಪ್ಪೇನದ?" ಎಂದರು. ನಮ್ಮವರದೂ ಅದೇ ಮಾತು. ಇದು ತಳ್ಳಿಹಾಕುವ ಮಾತಲ್ಲ. ಆ ದೋಣಿಯಿಂದ ನಾಲ್ಕು ಮನೆ ನಡೆಯುತ್ತವೆ. ನಾವು ಹೋಗದಿದ್ದರೆ ಅವರಿಗೂ ಇಲ್ಲ. ಆದರೆ ನಾವು ಕೊಟ್ಟ ರೊಕ್ಕ ದೋಣಿಯ ಮಾಲೀಕರಿಗೆ ಹೋಯಿತು. ಮೆಟ್ಟಿಲಿನ ಮೇಲೆ ಕಾದವರಿಗೆ ಹೋದದ್ದೇನು?

ಇನ್ನೊಬ್ಬರು ಅಲ್ಲಿಯೇ ಕೂತಿದ್ದರು. ಅವರದು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಊರು. ಅವರು ನಗಲಿಲ್ಲ. "ನಮ್ಮೂರ ಮ್ಯಾಲೂ ನೀರು ಭಾಳ ಶಾಂತ ಅದ ಅಕ್ಕೋರ" ಎಂದಷ್ಟೇ ಹೇಳಿದರು.

ಆಲಮಟ್ಟಿ ನಮಗೆ ದೂರವಲ್ಲ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟು ಅದು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ನೀರು ನಿಲ್ಲುವ ಮಟ್ಟ 519.60 ಮೀಟರು. ಅದನ್ನು 524 ಮೀಟರಿಗೆ ಏರಿಸುವ ಮಾತು 2010ರ ನ್ಯಾಯಮಂಡಳಿಯ ತೀರ್ಪಿನಿಂದ ನಡೆದೇ ಇದೆ. ಅದರಿಂದಲೇ ಮುಳವಾಡ ಏತ ನೀರಾವರಿಯ ಕಾಲುವೆ ನಮ್ಮ ಸೀಮೆಗೂ ನೀರು ತಂದಿತು. ಅದನ್ನು ಕುಡಿಯುವವಳಾಗಿ ನಾನು ಆಣೆಕಟ್ಟನ್ನು ಬಯ್ಯಲಾರೆ. ಆದರೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ದೊಡ್ಡ ನೀರನ್ನು ನೋಡಿ, "ಎಷ್ಟು ಪ್ರಶಾಂತ!" ಎಂದವಳು ನಾನೇ. ಅದರಡಿಯಲ್ಲಿ ಹೊಲ, ಬಾವಿ, ಗುಡಿಯ ಕಟ್ಟೆ, ರೊಟ್ಟಿ ಬಡಿದ ಒಲೆ ಇವೆ. ಹಳೆಯ ಬಾಗಲಕೋಟೆಯ ಓಣಿಗಳೂ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಯೋ ಗುಡಿಯೋ ತಲೆ ಎತ್ತಿದರೆ, ಅಲ್ಲಿಂದ ಎದ್ದು ಹೋದವರು ಬಂದು ನೋಡಿ ಕೈಮುಗಿದು ಹೋಗುತ್ತಾರೆ.

ಶರಾವತಿಯ ಹಿನ್ನೀರಿನ ಕಥೆಯೂ ಬೇರೆಯಲ್ಲ. ಸಿಗಂದೂರಿಗೆ ಹೋದವರಿಗೆ ಲಾಂಚಿನ ಪ್ರಯಾಣ ನೆನಪಿರುತ್ತದೆ. ನಾವೂ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡವರೇ. ಆದರೆ 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದ ಮೇಲೆ ಆಚೆ ದಡದಲ್ಲಿ ಉಳಿದ ಜನಕ್ಕೆ ಆ ಸುಂದರ ಏಕಾಂತದ ಅರ್ಥವೇ ಬೇರೆ. ಹೆರಿಗೆ ನೋವು ತಿನ್ನುವವಳೂ ಲಾಂಚಿಗೆ ಕಾಯಬೇಕು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅವರಿಗೆ ದಕ್ಕಿದ್ದು 2025ರ ಜುಲೈ ತಿಂಗಳಲ್ಲಿ. 'ಲಾಂಚಿನ ಮಜಾ ಹೋಯಿತು' ಎಂದು ಪ್ರವಾಸಿಗರು ಮರುಗಿದರೆ ಅವರು ಏನೆಂದುಕೊಂಡಾರು?

ಹಾಗಾದರೆ ಏಕಾಂತ ಬೇಕೆನ್ನುವುದೇ ತಪ್ಪೆ? ನಾನು ಹಾಗೆ ಹೇಳಲಾರೆ. ಹೇಳಿದರೆ ಆ ರಾತ್ರಿಯ ನನ್ನ ಕಣ್ಣೀರಿಗೆ ಮೋಸ ಮಾಡಿದಂತೆ. ನಮ್ಮ ಬಾಗೇವಾಡಿಯ ಬಸವಣ್ಣನವರು ಹುಟ್ಟೂರು ಬಿಟ್ಟು ಹೋದದ್ದು ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮಕ್ಕೆ. ಅಕ್ಕಮಹಾದೇವಿ ನಡೆದದ್ದು ಶ್ರೀಶೈಲದ ಕದಳಿಗೆ. ದೊಡ್ಡ ಮನಸ್ಸುಗಳಿಗೂ ಒಂದು ನೀರಿನ ದಂಡೆ, ಒಂದು ವನ ಬೇಕಾಗಿತ್ತು. ಅಮೆರಿಕದ ಥೋರೋ ಎಂಬಾತ 1845ರಲ್ಲಿ ವಾಲ್ಡನ್ ಕೊಳದ ದಂಡೆಯ ಮೇಲೆ ಗುಡಿಸಲು ಹಾಕಿ ಎರಡು ವರ್ಷ ಎರಡು ತಿಂಗಳು ಎರಡು ದಿನ ಒಬ್ಬನೇ ಇದ್ದ. ಅವನ ಪುಸ್ತಕವನ್ನು ಜಗತ್ತೇ ಓದುತ್ತದೆ. ಆದರೆ ಆ ಗುಡಿಸಲು ನಿಂತ ನೆಲ ಅವನ ಗೆಳೆಯ ಎಮರ್ಸನ್ನನದು. ಒಬ್ಬನೇ ಇರಲು ಹೋದವನಿಗೂ ಇನ್ನೊಬ್ಬರ ನೆಲ ಬೇಕಾಯಿತು. ವ್ಯತ್ಯಾಸವೆಂದರೆ ಅವನು ಆ ನೆಲ ಯಾರದೆಂದು ತಿಳಿದೇ ಅಲ್ಲಿದ್ದ.

ನನ್ನ ತಪ್ಪು ಇದ್ದದ್ದು ಅಲ್ಲಿಯೇ ಎಂದು ಈಗ ಅನ್ನಿಸುತ್ತದೆ. ನಿಶ್ಶಬ್ದವನ್ನು ಬಯಸಿದ್ದು ತಪ್ಪಲ್ಲ. ಆ ನಿಶ್ಶಬ್ದ ಯಾರದೂ ಅಲ್ಲ, ನನಗಾಗಿಯೇ ಅಲ್ಲಿ ಬಿದ್ದಿದೆ ಎಂದುಕೊಂಡದ್ದು ತಪ್ಪು. ಇನ್ನೊಬ್ಬರ ಮನೆಯ ಬಾಗಿಲಿಗೆ ಹೋದಾಗ ಕೂಗಿ, ಬರಲೇ ಎಂದು ಕೇಳಿ, ಕೂತ ಜಾಗ ಸರಿಮಾಡಿ ಎದ್ದು ಬರುವುದು ನಮಗೆಲ್ಲ ಗೊತ್ತು. ನೀರಿನ ದಂಡೆ ಕಂಡರೆ, ಬೆಟ್ಟ ಕಂಡರೆ ಆ ಮರ್ಯಾದೆ ಮರೆತು ಹೋಗುತ್ತದೆ. ಕೇಳಿದ್ದರೆ ಆ ಹೆಣ್ಣುಮಗಳು ಇನ್ನೂ ಹತ್ತು ಮಾರು ಆಚೆ ಒಂದು ಜಾಗ ತೋರಿಸುತ್ತಿದ್ದರು. ನನಗೆ ಏಕಾಂತವೂ ಸಿಗುತ್ತಿತ್ತು, ಅವರಿಗೆ ಇಳಿತವೂ ಸಿಗುತ್ತಿತ್ತು. ಕೇಳಲು ಅರ್ಧ ನಿಮಿಷ ಸಾಕಿತ್ತು.

ಇಷ್ಟಕ್ಕೆ ಮುಗಿಸಿದ್ದರೆ ಇದು ಪ್ರವಾಸಿಗರಿಗೆ ಹೇಳಿದ ಬುದ್ಧಿಮಾತಾಗುತ್ತಿತ್ತು. ಆದರೆ ಯೋಚನೆ ನನ್ನನ್ನು ಅಷ್ಟಕ್ಕೆ ಬಿಡಲಿಲ್ಲ, ಮನೆಯೊಳಗೇ ಬಂತು.

ಅತ್ತೆಯವರು ಹೋದ ಮೇಲೆ ನನಗೊಂದು ಹೊಸ ರೂಢಿ ಬಿದ್ದಿದೆ. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದು ಅರ್ಧ ತಾಸು ಮಾಳಿಗೆಯ ಮೇಲೆ ಹೋಗಿ ಕೂರುತ್ತೇನೆ. ಎರೆಹೊಲದ ಮೇಲೆ ಹೊತ್ತು ಮುಳುಗುವುದು, ಹಿಂಡು ಹಿಂಡು ಹಕ್ಕಿ ಗೂಡಿಗೆ ಹೋಗುವುದು ನೋಡುತ್ತೇನೆ. ಮೂವತ್ತು ವರ್ಷದ ಸಂಸಾರದಲ್ಲಿ ಗಳಿಸಿದ ಹಕ್ಕು ಇದು ಎಂದು ನನ್ನ ಭಾವನೆ. ಹೌಸ್‌ಬೋಟಿನಿಂದ ಬಂದ ಮೇಲೆ ಒಂದು ಸಂಜೆ ಹಾಗೆಯೇ ಕೂತಿದ್ದಾಗ ಕೆಳಗಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ದಿನಾ ಬರುತ್ತಿದ್ದ ಸದ್ದೇ. ಅಂದು ಮಾತ್ರ ಕೇಳಿಸಿತು. ಸೊಸೆ ಬ್ಯಾಂಕಿನಿಂದ ಬರುವುದು ನನಗಿಂತ ತಡ. ಬಂದು, ಸೀರೆ ಬದಲಿಸಿ, ನೆಟ್ಟಗೆ ಒಲೆಯ ಮುಂದೆ ನಿಲ್ಲುತ್ತಾಳೆ. ನಾನು ಮೇಲೆ ಹೊತ್ತು ಮುಳುಗುವುದು ನೋಡಬೇಕಾದರೆ ಅವಳು ಕೆಳಗೆ ಹಿಟ್ಟು ನಾದಬೇಕು. ನನ್ನ ಈ ಯಾರೂ ಇಲ್ಲದ ದಂಡೆಯೂ ಅವಳ ಮೆಟ್ಟಿಲಿನ ಮೇಲೆಯೇ ಇತ್ತು. ಅವಳೂ ಆ ಹೆಣ್ಣುಮಗಳ ಹಾಗೆ, "ಇರ್ಲಿ ಬಿಡ್ರಿ ಅತ್ತಿ, ನೀವು ಕೂಡ್ರಿ" ಎನ್ನುವವಳೇ.

ನಮ್ಮ ಮನೆಗಳಲ್ಲಿ ಗಂಡಸರು ಪೇಪರು ಹಿಡಿದು ಕೂರುವ ಶಾಂತಿಯನ್ನು ನಾವು ಕಾಯುತ್ತೇವೆ. "ಸದ್ದು ಮಾಡಬ್ಯಾಡ್ರಿ, ಅಪ್ಪ ಓದಾಕತ್ತಾರ" ಎಂದು ಮಕ್ಕಳನ್ನು ಗದರುತ್ತೇವೆ. ಅದು ನಮಗೆ ಕಾಣುತ್ತದೆ, ಸಿಟ್ಟೂ ಬರುತ್ತದೆ. ಆದರೆ ನಮ್ಮ ಶಾಂತಿಯನ್ನು ಯಾರು ಕಾಯುತ್ತಿದ್ದಾರೆ ಎಂದು ತಿರುಗಿ ನೋಡುವುದು ಕಷ್ಟ. ಎಲ್ಲ ಏಕಾಂತಕ್ಕೂ ಒಬ್ಬರು ಕಾವಲಿರುತ್ತಾರೆ. ಅವರು ಯಾರೆಂದು ತಿಳಿದಿರುವುದು, ಅವರ ಸರದಿಗೆ ನಾವು ಕಾವಲು ನಿಲ್ಲುವುದು, ಇಷ್ಟಾದರೆ ಏಕಾಂತ ಬಯಸುವುದರಲ್ಲಿ ಪಾಪವಿಲ್ಲ ಎಂದು ನನಗೆ ತೋರುತ್ತದೆ.

ಈಗ ನಮ್ಮ ಮನೆಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ಮಾಳಿಗೆ ಅವಳದು. ಮೊದಲ ದಿನ ಅವಳನ್ನು ಮೇಲೆ ಕಳಿಸುವುದೇ ಒಂದು ಜಗಳವಾಯಿತು. ನಾನು ತಪ್ಪು ಹುಡುಕುತ್ತಿದ್ದೇನೆಂದು ಅವಳಿಗೆ ಅನುಮಾನ. ನಮ್ಮವರಿಗೂ ಹೇಳಿದೆ, ಒಲೆಯ ಕಡೆ ಬರಲಾಗದಿದ್ದರೆ ಕಾಯಿಪಲ್ಲೆಯಾದರೂ ಹೆಚ್ಚಿ ಕೊಡಿರೆಂದು. ಮುಖ ಸಣ್ಣದು ಮಾಡಿಕೊಂಡರೂ ಹೆಚ್ಚುತ್ತಿದ್ದಾರೆ, ತುಂಡುಗಳು ಮಾತ್ರ ದೊಡ್ಡ ದೊಡ್ಡವು.

ಆ ದಿನ ಸೊಸೆ ಅರ್ಧ ತಾಸಿನ ಮೇಲೆ ಇಳಿದು ಬಂದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು. ಏನು ಮಾಡಿದೆ ಎಂದು ಕೇಳುವ ಬಾಯಿಯನ್ನು ನಾನೇ ಮುಚ್ಚಿಕೊಂಡೆ. ಅವಳೇ ಹೇಳಿದಳು, "ಏನಿಲ್ಲ ಅತ್ತಿ, ಸುಮ್ನ ಕೂತಿದ್ದೆ."

ನಾನು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದೆ.